ಎಣ್ಣೆ ಹಾಕದ ಗಾಡಿ

"ಎಣ್ಣೆ ಬ್ಯಾಡ್ವಂತೆ" ಎಂದಿದ್ದಳು ಗಗನ, ಫೋನು ಇಡುವುದಕ್ಕೆ ಮುಂಚೆ, ಹೊಸಿಲು ದಾಟಿದವರು ಏನೋ ನೆನಪಾಗಿ ತಿರುಗಿ ನಿಂತು ಹೇಳುವ ಹಾಗೆ. ಅದಕ್ಕೂ ಮೊದಲು ಹೇಳಿದ್ದು ಒಂದೇ ಮಾತು. "ಅಕ್ಕ, ಇನ್ನೊಂದು ಗಾಡಿ ಮಾಡ್ಕಂಡು ಬರಕ್ಕೇಳು ನಿಮ್ಮಕ್ಕಂಗೆ ಅಂದವ್ರೆ ನಮ್ಮತ್ತೆ." ಆ ಮಾತನ್ನು ಕವಿತ ಹೇಗೋ ಅರಗಿಸಿಕೊಂಡಿದ್ದಳು. ಈ ಎರಡನೆಯದು ಮಾತ್ರ ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ, ನುಂಗಿದರೆ ಇಳಿಯದೆ ಕೆಮ್ಮಿದರೆ ಬಾರದೆ ಅಲ್ಲೇ ಕೂತುಬಿಟ್ಟಿತ್ತು. ಹನಕೆರೆಯ ಬಸ್‌ಸ್ಟಾಪಿನಲ್ಲಿ, ಹಳೆಯ ದುಪ್ಪಟಿಯಲ್ಲಿ ಸುತ್ತಿದ ಗಾಡಿಯನ್ನು ಕಂಕುಳಿಗೆ ಅವುಚಿಕೊಂಡು ಮದ್ದೂರಿನ ಬಸ್ಸಿಗೆ ಕಾಯುತ್ತ ನಿಂತಾಗಲೂ ಅವಳು ಅದನ್ನೇ ತಿರುವಿ ಮುರುವಿ ನೋಡುತ್ತಿದ್ದಳು. ಎಣ್ಣೆಯ ಸಂಗತಿ ತಂಗಿಯ ಅತ್ತೆ ಚಿಕ್ಕಮಾದಮ್ಮನಿಗೆ ಗೊತ್ತಾಗಿದೆ. ಗೊತ್ತಾದವಳು ಇಷ್ಟು ದಿನ ಬಾಯಿ ಬಿಡದೆ ಇದ್ದದ್ದು ಯಾಕೆ? ಬೆಳಕವಾಡಿಯಲ್ಲಿ ಬಾಯಿಗೆ ಹೆಸರಾದ ಹೆಂಗಸು ಆಕೆ, ಬಾಯಿ ಮುಚ್ಚಿಕೊಂಡಿದ್ದಾಳೆಂದರೆ ಒಳಗೆ ಏನನ್ನೋ ಕುದಿಯಲಿಟ್ಟಿದ್ದಾಳೆ ಎಂದೇ ಅರ್ಥ. ಎಣ್ಣೆಯನ್ನು ಕಂಡುಕೊಂಡವಳು ಉಳಿದದ್ದನ್ನೂ ಕಂಡಿದ್ದಾಳೆಯೇ? ಆ ಉಳಿದದ್ದು ಏನು ಎಂದು ಕವಿತಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಇನ್ನೊಬ್ಬರು ನೋಡಿಬಿಟ್ಟಿರಬಹುದು ಎಂಬ ಭಯ ಮಾತ್ರ ಇತ್ತು.

ಗಾಡಿ ಎಂದರೆ ಮಹಾ ದೊಡ್ಡದೇನಲ್ಲ. ಮುಂದೊಂದು ಹಿಂದೆರಡು ಮರದ ಗಾಲಿ, ಮೇಲೆ ಕೂಸಿನ ಎದೆಯ ಮಟ್ಟಕ್ಕೆ ಒಂದು ಅಡ್ಡಪಟ್ಟಿ. ಪಟ್ಟಿ ಹಿಡಿದು ನಿಂತು ತಳ್ಳಿದರೆ ಗಾಡಿ ಮುಂದೆ, ಕೂಸು ಹಿಂದೆ, ಹೀಗೆ ತಳ್ಳುತ್ತ ತಳ್ಳುತ್ತ ನಡಿಗೆ ಕಲಿಯುವುದು. ಅವರ ಕಡೆ ಮೊದಲ ಗಾಡಿ ತಾಯಿಯ ತವರಿನಿಂದ ಬರಬೇಕು, ಸೋದರಮಾವ ಹೊತ್ತು ತಂದು ಕೂಸಿನ ಕೈಯನ್ನು ತಾನೇ ಹಿಡಿದು ಪಟ್ಟಿಯ ಮೇಲಿಡಬೇಕು. ಗಗನಳಿಗೆ ಅಣ್ಣನೂ ಇಲ್ಲ ತಮ್ಮನೂ ಇಲ್ಲ. ಇರುವುದು ಒಬ್ಬಳು ಅಕ್ಕ, ಅವಳೂ ಮಕ್ಕಳಾಗಲಿಲ್ಲ ಎಂದು ಗಂಡನ ಮನೆಯಿಂದ ತಿರುಗಿ ಬಂದವಳು. ಅಂಗಡಿಯಿಂದ ತಂದು ಕೊಟ್ಟರಾಯಿತು ಎಂದು ತಾಯಿ ಹೊಂಬಾಳಮ್ಮ ಅಂದಾಗ ಕವಿತ ಸೆಟೆದು ನಿಂತಿದ್ದಳು, ನಾನೇ ಮಾಡ್ತೀನಿ, ನಾನೇ ಹೊತ್ಕೊಂಡು ಹೋಗ್ತೀನಿ ಅಂತ. ಮಾಡಲು ಬಾರದವಳೇನೂ ಅಲ್ಲ. ಅಪ್ಪ ಜವರಯ್ಯ ಬೇಸಾಯದವನಾದರೂ ಉಳಿ ಹಿಡಿದರೆ ಊಟ ಮರೆಯುತ್ತಿದ್ದವನು. ಅವನು ಹೋದ ಮೇಲೆ, ಎತ್ತುಗಳೂ ಗಾಡಿಯೂ ಹೋದ ಮೇಲೆ, ಖಾಲಿ ಬಿದ್ದಿದ್ದ ಗಾಡಿ ಕೊಟ್ಟಿಗೆಯಲ್ಲಿ ಅವನ ಉಳಿ ಗರಗಸಗಳನ್ನೇ ಹಿಡಿದು ಕವಿತ ಬುಗುರಿ, ಜೋಡೆತ್ತು, ಆನೆ, ಗಿಲಕಿ ಮಾಡತೊಡಗಿದ್ದಳು. ಮಂಡ್ಯದ ಅಂಗನವಾಡಿಗಳಲ್ಲಿ ಮಕ್ಕಳು ಕಚ್ಚಿ ಚೀಪಿ ಎಸೆದಾಡುವ ಎತ್ತುಗಳಲ್ಲಿ ಅರ್ಧ ಅವಳ ಕೈಯಲ್ಲಿ ಹುಟ್ಟಿದವೇ. ಬಣ್ಣ ಹಚ್ಚುತ್ತಿರಲಿಲ್ಲ, ಬಾಯಿಗಿಡುವ ಮಕ್ಕಳು ಎಂದು. ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ, ತನ್ನ ಕೆನ್ನೆಗೆ ಉಜ್ಜಿ ನೋಡಿ, ಎಲ್ಲಿಯೂ ಚುಚ್ಚಲಿಲ್ಲವೆಂದರೆ ಕೊಬ್ಬರಿ ಎಣ್ಣೆ ಸವರಿ ಬಿಸಿಲಿಗಿಡುತ್ತಿದ್ದಳು. ಹಾಗೆ ಕೆನ್ನೆಗೆ ಒತ್ತಿ ಹಿಡಿಯುವುದನ್ನು ಯಾರಾದರೂ ನೋಡಿಬಿಟ್ಟರೆ ನಾಚಿಕೆಯಾಗುತ್ತಿತ್ತು.

ಬಸ್ಸು ಬಂತು. ಗಾಡಿಯನ್ನು ಮೊದಲು ಮೇಲಿಟ್ಟು ಆಮೇಲೆ ತಾನು ಹತ್ತಿದಳು. ಇಟ್ಟ ರಭಸಕ್ಕೆ ದುಪ್ಪಟಿಯೊಳಗೆ ಗಾಲಿಯೊಂದು ಅರ್ಧ ಸುತ್ತು ತಿರುಗಿ 'ಕಿರ್ರ್' ಎಂದಿತು. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ಕವಿತ ಅದನ್ನು ಹೊಟ್ಟೆಗೆ ಒತ್ತಿ ಹಿಡಿದಳು, ಸಭೆಯಲ್ಲಿ ಕೂಗಿಬಿಟ್ಟ ಕೂಸಿನ ಬಾಯಿ ಮುಚ್ಚುವ ಹಾಗೆ. ಈ ಸದ್ದೇ ಎಲ್ಲಕ್ಕೂ ಮೂಲ. ಮೊದಲ ಗಾಡಿಯೂ ಹೀಗೇ ಕಿರುಗುಟ್ಟಿತ್ತು. ಜಾಲಿಯ ಅಚ್ಚು, ಜಾಲಿಯದೇ ಗಾಲಿ, ಮರಕ್ಕೆ ಮರ ತಿಕ್ಕಿದರೆ ಇನ್ನೇನು ಹಾಡುತ್ತದೆಯೇ? ಕೊಟ್ಟಿಗೆಯಲ್ಲಿ ಬಗ್ಗಿಕೊಂಡು ತಾನೇ ಒಂದು ಸುತ್ತು ತಳ್ಳಿ ನೋಡಿದಾಗ ಗಗನಳ ಹೊಸ ಮನೆಯ ಹಜಾರ ಕಣ್ಣೆದುರು ಬಂದಿತ್ತು, ಮುಖ ಕಾಣುವಂಥ ಟೈಲ್ಸು, ಗೋಡೆಗೊರಗಿ ಕೂತ ನೆಂಟರು, ಅವರು ಮಂಡ್ಯದ ಅಂಗಡಿಗಳಿಂದ ತಂದ, ದೀಪ ಮಿನುಗಿಸುತ್ತ ಇಂಗ್ಲಿಷಿನಲ್ಲಿ ಹಾಡುವ ಪ್ಲಾಸ್ಟಿಕ್ ಕಾರುಗಳು. ಅವುಗಳ ನಡುವೆ ತನ್ನ ಗಾಡಿ ಹೀಗೆ ಕಿರುಗುಟ್ಟಿದರೆ ಯಾರಾದರೊಬ್ಬರು ಫಕ್ಕನೆ ನಗುತ್ತಾರೆ. ನಗುವವರು ಯಾರು, ಹೇಗೆ ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಾರೆ ಎಂಬುದೂ ಕಂಡಿತ್ತು. ಎದ್ದವಳೇ ಸೂರಿನಲ್ಲಿ ಸಿಕ್ಕಿಸಿದ್ದ ಅಪ್ಪನ ಕೀಲೆಣ್ಣೆಯ ಬಿದಿರುಗೊಟ್ಟವನ್ನು ಇಳಿಸಿ, ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಆ ಕಪ್ಪು ಜಿಡ್ಡನ್ನು ಬೆರಳಲ್ಲಿ ತೆಗೆದು ಮೂರೂ ಗಾಲಿಗೆ ತುಂಬಿದ್ದಳು. ಆ ಮನೆಯಲ್ಲಿ ಹುಟ್ಟಿದವರ ಕೈಗೆ ಅಚ್ಚು ಕಂಡರೆ ಕೀಲೆಣ್ಣೆ ಹಚ್ಚುವುದು ಹಣೆ ಕಂಡರೆ ಕುಂಕುಮ ಇಡುವಷ್ಟೇ ಸಲೀಸು. ಗಾಡಿ ಸದ್ದಿಲ್ಲದೆ ಹರಿದಿತ್ತು. ಎಷ್ಟು ಚೆನ್ನಾಗಿ ಹರಿದಿತ್ತೆಂದರೆ ಅವಳಿಗೆ ಖುಷಿಯಾಗಿತ್ತು.

ಮದ್ದೂರಿನಲ್ಲಿ ಇಳಿದು ಮಳವಳ್ಳಿಯ ಬಸ್ಸು ಹತ್ತಿದಳು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಹೆಂಗಸರ ಚೀಟಿ ಹರಿದುಕೊಟ್ಟು, ತೊಡೆಯ ಮೇಲಿನ ಗಂಟನ್ನು ಪೆನ್ನಿನಿಂದ ತಿವಿದು, "ಏನಮ್ಮ ಇದು, ಮೇಕೆ ಮರೀನಾ?" ಎಂದ. ನಾಲ್ಕು ಜನ ನಕ್ಕರು. "ಮಗೀನ್ ಗಾಡಿ" ಎಂದಳು ಕವಿತ. ಪಕ್ಕದಲ್ಲಿ ಬಂದು ಕೂತಿದ್ದ ದಪ್ಪನೆಯ ಹೆಂಗಸು ಕೇಳದೆಯೇ ದುಪ್ಪಟಿಯ ತುದಿ ಸರಿಸಿ ನೋಡಿ, "ಅಯ್ ಸಿವ್ನೆ, ಮರದ್ದು! ಈಗ್ಲೂವೆ ಮಾಡ್ತಾರಾ ಇವ್ನ? ನಿನ್ ಮಗೀಗೇನವ್ವ?" ಎಂದಳು.

"ಹೂಂ" ಎಂದಳು ಕವಿತ.

ಯಾಕೆ ಹಾಗೆಂದಳೋ. ನಾಲಿಗೆ ತಾನಾಗಿ ತಿರುಗಿತು. ಸರಿಪಡಿಸಲು ಒಂದು ಗಳಿಗೆ ಇತ್ತು, ಅಲ್ಲ ನನ್ನ ತಂಗೀದು ಎನ್ನಲು, ಅಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ನಿಂಗೆಷ್ಟು ಮಕ್ಕಳು ಎಂದು. ಆ ಪ್ರಶ್ನೆಗೆ ಉತ್ತರ ಹೇಳಿದ ಮೇಲೆ ಎದುರಿನವರ ಮುಖದಲ್ಲಿ ಮೂಡುವ ಆ ಮೆತ್ತನೆಯ ಅಯ್ಯೋ ಪಾಪವನ್ನು ಮಳವಳ್ಳಿಯವರೆಗೂ ಪಕ್ಕದಲ್ಲಿ ಕೂರಿಸಿಕೊಂಡು ಹೋಗುವ ಶಕ್ತಿ ಇವತ್ತು ಇರಲಿಲ್ಲ. ಗಳಿಗೆ ಕಳೆಯಿತು. ಮರಿತಾಯಮ್ಮ ಎಂದು ಹೆಸರು ಹೇಳಿಕೊಂಡ ಆ ಹೆಂಗಸು ಮದ್ದೂರಿನಲ್ಲಿರುವ ಮಗಳ ಮನೆಯಿಂದ ಬರುತ್ತಿದ್ದಳು. ಅಲ್ಲೊಂದು ಮೊಮ್ಮಗಳು ಈಗ ತಾನೇ ಗೋಡೆ ಹಿಡಿದು ನಿಲ್ಲುತ್ತಿದೆಯಂತೆ. "ನಿನ್ ಮಗ ನಡೀತಾನಾ?" "ಇನ್ನೂ ಇಲ್ಲ." "ನಡೀತಾನೆ ಬುಡವ್ವ. ನಮ್ ನಡುಕ್ಲು ಮಗ ಎರಡು ತುಂಬೋಗಂಟ ಕುಂಡೇಲೇ ತೆವ್ಕಂಡು ತಿರುಗ್ದ, ಈಗ ಪೊಲೀಸ್ ಇಲಾಕೇಲವ್ನೆ." ಕವಿತ ನಕ್ಕಳು. ನನ್ನ ಮಗ ಬಲು ಹೆದರುಪುಕ್ಕಲ ಎಂದಳು. ಒಂದು ಸಲ ಬಿದ್ದ, ಅವತ್ತಿನಿಂದ ನಿಲ್ಲುವುದನ್ನೇ ಬಿಟ್ಟ ಎಂದಳು. ಅವನ ತುಟಿಯ ಮೇಲೊಂದು ಗೆರೆ ಉಳಿದಿದೆ, ನಕ್ಕರೆ ಅದೂ ನಗುತ್ತದೆ ಎಂದಳು. ಹೇಳುತ್ತ ಹೇಳುತ್ತ ಎದೆ ಹಗುರಾಗುತ್ತಿತ್ತು, ಹಗುರಾಗುತ್ತಿದೆಯಲ್ಲ ಎಂದು ಹೆದರಿಕೆಯೂ ಆಗುತ್ತಿತ್ತು. ಕಿಟಕಿಯಾಚೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ರಸ್ತೆಯನ್ನೆಲ್ಲ ತನ್ನದೇ ಮಾಡಿಕೊಂಡು ಓಲಾಡುತ್ತಿತ್ತು, ಬಸ್ಸು ಅದರ ಹಿಂದೆ ಸಿಕ್ಕಿಕೊಂಡು ಹಾರನ್ನು ಬಡಿಯುತ್ತಿತ್ತು, ದೊಡ್ಡಿ ಊರಿನ ಕಡೆಯಿಂದ ಸಕ್ಕರೆ ಕಾರ್ಖಾನೆಯ ಹುಳಿ ಬೆರೆತ ಸಿಹಿ ವಾಸನೆ ಬರುತ್ತಿತ್ತು.

ನಿಜ ಏನೆಂದರೆ, ಮೊದಲ ಗಾಡಿ ಹೊತ್ತು ಹೋದ ಶಾಸ್ತ್ರದ ದಿನ ಕೂಸು ಅವಳ ಹತ್ತಿರ ಬರಲಿಲ್ಲ. ಹೆಸರು ಪುನೀತ್, ಆಗ ಸೋಫಾ ಹಿಡಿದು ಸರಾಗವಾಗಿ ಓಡಾಡುತ್ತಿದ್ದ ಕೂಸು. ಸೋದರಮಾವನ ಜಾಗದಲ್ಲಿ ಅವಳು ಎತ್ತಿಕೊಳ್ಳಲು ಕೈ ಚಾಚಿದಾಗ ತಾಯಿಯ ಕೊರಳಿಗೆ ಜೋತುಬಿದ್ದು, ಕಿತ್ತುಕೊಂಡರೆ ಕಿರುಚಿ, ಕಾಲು ಝಾಡಿಸಿ ಅವಳ ಎದೆಗೆ ಒದ್ದಿತು. ನೆಂಟರಲ್ಲಿ ಯಾರೋ, "ಅಭ್ಯಾಸ ಇಲ್ದಿರೋ ಕೈ, ಅದ್ಕೂ ಗೊತ್ತಾಯ್ತದೆ" ಎಂದರು. ಯಾರೆಂದು ತಿರುಗಿ ನೋಡಲಿಲ್ಲ. ಬೇಗ ಇದು ಮುಗಿಯಲಿ ಎಂದು ಕೂಸನ್ನು ಗಾಡಿಯ ಹಿಂದೆ ನಿಲ್ಲಿಸಿ ಪುಟ್ಟ ಕೈಗಳನ್ನು ಪಟ್ಟಿಯ ಮೇಲಿಟ್ಟು ಬಿಟ್ಟಳು. ಬಿಟ್ಟಳು. ಎಷ್ಟು ಹೊತ್ತು ಹಿಡಿದುಕೊಂಡು ಬಿಟ್ಟಳು? ಕೀಲೆಣ್ಣೆ ಕುಡಿದ ಗಾಡಿ ಟೈಲ್ಸಿನ ಮೇಲೆ ಸುಯ್ಯೆಂದು ಓಡಿತು, ಕೂಸು ಅದರ ಹಿಂದೆ ಒಂದು ಹೆಜ್ಜೆಯನ್ನೂ ಹಾಕದೆ ಮುಖ ಕೆಳಗಾಗಿ ಬಿತ್ತು. ತುಟಿ ಒಡೆದು ರಕ್ತ ಬಿಳಿಯ ನೆಲದ ಮೇಲೆ ಹರಡಿತು. ಆಗ ಎಲ್ಲರೂ ಅವಳನ್ನು ನೋಡಿದರು. ಕೂಸನ್ನಲ್ಲ, ಅವಳನ್ನು. ಆಮೇಲಿನ ಇಷ್ಟು ತಿಂಗಳಲ್ಲಿ ಅವಳು ರಕ್ತವನ್ನು ಮರೆತಿದ್ದಾಳೆ, ಕೂಗನ್ನು ಮರೆತಿದ್ದಾಳೆ, ಆ ಹಜಾರದ ತುಂಬ ತನ್ನ ಕಡೆಗೆ ತಿರುಗಿದ ಮುಖಗಳನ್ನು ಮರೆಯಲಾಗಿಲ್ಲ. ಎಣ್ಣೆ ಅವಳ ತಪ್ಪು, ಸರಿ. ಕೈಯ ತಪ್ಪೋ? ಒದ್ದಿತೆಂಬ ಸಿಟ್ಟಿಗೆ ಕೈ ಒಂದು ಗಳಿಗೆ ಮೊದಲೇ ಬಿಟ್ಟಿತೇ? ಬೀಳಲಿ ಎಂದು ಮನಸ್ಸಿನ ಯಾವುದೋ ಮೂಲೆ ಅಂದಿತೇ? ಎಷ್ಟು ಸಲ ಆ ಗಳಿಗೆಯನ್ನು ಬಿಚ್ಚಿ ನೋಡಿದರೂ ಒಳಗೆ ಏನಿದೆಯೆಂದು ಕಾಣುತ್ತಿರಲಿಲ್ಲ.

ಕೂಸು ಅವತ್ತಿನಿಂದ ನಿಲ್ಲಲಿಲ್ಲ. ಮಂಡ್ಯದ ಡಾಕ್ಟರು ಕಾಲು ಮಡಿಸಿ ಚಾಚಿ ನೋಡಿ, ಕಾಲಿಗೇನೂ ಆಗಿಲ್ಲ, ಹೆದರಿಕೆ, ತಾನಾಗಿ ಸರಿಹೋಗುತ್ತದೆ ಎಂದರಂತೆ. ಸರಿಹೋಗಲಿಲ್ಲ. ಗಗನಳ ಫೋನು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಕವಿತ ಕೊಟ್ಟಿಗೆಗೆ ಬೀಗ ಹಾಕಿದಳು. ಅಂಗನವಾಡಿ ಟೀಚರು ಕೇಳಿದ ಎತ್ತುಗಳು ಕೊಂಬಿಲ್ಲದೆ ಅರ್ಧಕ್ಕೆ ನಿಂತವು. ಉಳಿ ಹಿಡಿದರೆ ಕೈ ಕಾಣುತ್ತಿತ್ತು, ಕೈ ಕಂಡರೆ ಆ ಗಳಿಗೆ. ಒಂದು ಮಗುವನ್ನು ಬೀಳಿಸಿದ ಕೈ ಇನ್ನೊಂದು ಮಗುವಿಗೆ ಆಟಿಕೆ ಕೆತ್ತುವುದು ಹೇಗೆ? ಮೊನ್ನೆ ಫೋನು ಬಂದಾಗ ಹೊಂಬಾಳಮ್ಮ, "ಓಗ್ಬ್ಯಾಡ ಕಣೆ, ಕರ್ಸಿ ಉಗಿಯಕ್ಕೆ ಕರೀತಾವ್ರೆ" ಎಂದಿದ್ದಳು. ಆದರೂ ಕವಿತ ಬೀಗ ತೆಗೆದಳು. ಹೊಸ ಗಾಡಿಯ ಗಾಲಿಯನ್ನು ಬೇಕೆಂದೇ ದಪ್ಪ ಮಾಡಿದಳು, ಅಚ್ಚನ್ನು ಬಿಗಿ ಮಾಡಿದಳು, ತಳದಲ್ಲಿ ತೂಕದ ಹಲಸಿನ ಹಲಗೆ ಕೂರಿಸಿದಳು. ಕೀಲೆಣ್ಣೆಯ ಗೊಟ್ಟವನ್ನು ತಿಪ್ಪೆಗೆಸೆಯಲು ಹೋಗಿ, ಅಪ್ಪನದಲ್ಲವೇ ಎಂದು ತಂದು ಮತ್ತೆ ಸೂರಿಗೇ ಸಿಕ್ಕಿಸಿದಳು. ಮನಸ್ಸಿನಲ್ಲಿ ಒಂದನ್ನು ಗಟ್ಟಿ ಮಾಡಿಕೊಂಡಿದ್ದಳು: ಕೂಸು ಈ ಗಾಡಿಯನ್ನೂ ಮುಟ್ಟದಿದ್ದರೆ ಉಳಿ ಗರಗಸಗಳನ್ನೆಲ್ಲ ಗೋಣಿಗೆ ತುಂಬಿ ಯಾರಿಗಾದರೂ ಕೊಟ್ಟುಬಿಡುವುದು, ಇನ್ನು ಮಕ್ಕಳ ತಂಟೆಯೇ ಬೇಡ.

ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿದರೂ ಮರಿತಾಯಮ್ಮ ಬದಲಾಗಲಿಲ್ಲ. ಬೆಳಕವಾಡಿಯ ಬಸ್ಸಿನಲ್ಲೂ ಪಕ್ಕಕ್ಕೇ ಬಂದು ಕೂತು, "ಎಲ್ಲಿಳೀತೀಯವ್ವ?" ಎಂದಾಗ ಕವಿತ ಗಂಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಬೆಳಕವಾಡಿ ಎಂದಳು. "ಅಯ್, ನಮ್ಮೂರೇ! ಯಾರ ಮನೆ?" ಮಾದೇವು ಮನೆ ಎನ್ನದೆ ಬೇರೆ ದಾರಿ ಇರಲಿಲ್ಲ. ಮಹದೇವು ಗಗನಳ ಗಂಡ. "ಚಿಕ್ಮಾದಮ್ಮುನ್ ಮನೆ! ಪಕ್ಕದ ಬೀದೀನೇ ನಮ್ದು. ಮನೇಗೋಗಿ ಬ್ಯಾಗ್ ಮಡಗ್‌ಬುಟ್ಟು ಬತ್ತೀನಿ, ಗಾಡಿ ನೋಡಬೇಕು ನಾನು, ಮೊಮ್ಮಗೀಗೆ ಮಾಡಿಸ್ಬೇಕು." ಬರಬೇಡಿ ಎನ್ನಲಾದೀತೇ? ಇಳಿದು ಊರೊಳಕ್ಕೆ ನಡೆದಳು. ಒಂದು ತಪ್ಪನ್ನು ತಿದ್ದಲು ಬಂದವಳು ದಾರಿಯಲ್ಲಿ ಇನ್ನೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದಿದ್ದಾಳೆ. ತಂಗಿಯ ಕೂಸನ್ನು ತನ್ನದೆಂದು ಊರೆಲ್ಲ ಹೇಳಿಕೊಂಡು ಬರುತ್ತಾಳೆ ಎಂದರೆ ಆ ಮನೆಯವರು ಏನು ತಿಳಿಯಬೇಕು? ಮೊದಲು ಬೀಳಿಸಿದಳು, ಈಗ ಕಸಿದುಕೊಳ್ಳುತ್ತಾಳೆ. ಹಿಂದಕ್ಕೆ ಹೋಗುವ ಬಸ್ಸು ಯಾವಾಗ ಎಂದು ತಿರುಗಿ ನೋಡಿದಳು. ತಾನು ಬಂದ ಬಸ್ಸೂ ಹೋಗಿಬಿಟ್ಟಿತ್ತು.

ಚಿಕ್ಕಮಾದಮ್ಮ ಅಂಗಳದ ಬಿಸಿಲಿನಲ್ಲಿ ಕಾಲು ಚಾಚಿ ಕೂತು, ಮುಂದೆ ನೆನೆಸಿದ ಅವರೆಕಾಳಿನ ಪಾತ್ರೆಯಿಟ್ಟುಕೊಂಡು ಹಿದುಕುತ್ತಿದ್ದಳು. ಅಂಗಳದ ಕೊನೆಗೆ ಬಂಡೂರು ಕುರಿಯೊಂದನ್ನು ಕಟ್ಟಿತ್ತು, ಮೋಟು ಕಾಲಿನ ಮೇಲೆ ಹೊಟ್ಟೆ ಹೊತ್ತು ನಿಂತ ಅದು ಬಂದವಳನ್ನು ನೋಡಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಗಗನ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದು, "ಬಂದ್ಯಾ ಅಕ್ಕ" ಎಂದಳು. ತೆಳ್ಳಗಾಗಿದ್ದಳು. ಕೂಸು ಕವಿತಳನ್ನು ನೋಡಿ ತಾಯಿಯ ಹೆಗಲಲ್ಲಿ ಮುಖ ಮುಚ್ಚಿಕೊಂಡಿತು.

"ಬಿಚ್ಚು, ನೋಡವ" ಎಂದಳು ಚಿಕ್ಕಮಾದಮ್ಮ, ನೀರು ಕುಡಿ ಎಂದೂ ಅನ್ನದೆ.

ಕವಿತ ದುಪ್ಪಟಿ ಬಿಚ್ಚಿ ಗಾಡಿಯನ್ನು ನೆಲಕ್ಕಿಟ್ಟಳು. ಮುದುಕಿ ಕೂತಲ್ಲಿಂದಲೇ ಪಟ್ಟಿಗೆ ಕೈಯಿಟ್ಟು ತಳ್ಳಿದಳು. ಕಿರ್ರ್ ಎಂದು ಎದ್ದ ಸದ್ದು ಆ ಬೀದಿಯ ಕೊನೆಗೂ ಕೇಳಿಸಿರಬೇಕು. ಕವಿತ ಕಣ್ಣು ಮುಚ್ಚಿಕೊಂಡಳು.

"ಆಂ, ಇದು ಗಾಡಿ" ಎಂದಳು ಚಿಕ್ಕಮಾದಮ್ಮ. "ಇಂಗಿರ್ಬೇಕು. ಅವತ್ತು ನೀನು ತಂದದ್ದು ಗಾಡಿ ಅಲ್ಲ ಕಣಮ್ಮಿ, ಮೋಟ್ರು."

"ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

"ನೆಲ ಒರ್ಸಿದ್ದು ಯಾರು, ನಾನೇ ಅಲ್ವಾ? ರಕ್ತ ಒಂದೇ ಸಲಕ್ಕೋಯ್ತು. ಆ ಜಿಡ್ಡು ಓಯ್ತದಾ? ಮೂಸಿ ನೋಡ್ದೆ, ಕೀಲೆಣ್ಣೆ. ನಮ್ಮಪ್ಪುನ್ ಮನೇಲಿ ಎರಡು ಗಾಡಿ ಇತ್ತು, ನಂಗೆ ಆ ವಾಸ್ನೆ ಗೊತ್ತಾಗಲ್ವಾ?" ಅವರೆಯ ಸಿಪ್ಪೆಯನ್ನು ಪುಸಕ್ಕನೆ ಹಿಂಡಿ ಕಾಳನ್ನು ಪಾತ್ರೆಗೆ ಹಾರಿಸಿದಳು. "ಗಾಡಿ ಮನೇಲಿ ಉಟ್ಟುದ್ ಎಣ್ಣು, ಅಚ್ಚು ಕಾಣ್ತು, ಆಕ್‌ಬುಡ್ತು ಅಂತ ನಗೆ ಬಂತು ನಂಗೆ. ಆ ಒತ್ನಲ್ಲಿ ನಗಕ್ಕಾಯ್ತದಾ? ಮಗ ಅಂಗೆ ಅರಚ್ಕತಾ ಕುಂತದೆ. ಅದುಕ್ಕೇ ಸುಮ್ಕಾದೆ."

"ನಗೆ ಬಂತಾ?" ಎಂದಳು ಕವಿತ. ಇಷ್ಟು ತಿಂಗಳು ಅವಳು ಆ ಮೌನದೊಳಗೆ ಏನೇನೋ ಕಂಡಿದ್ದಳು. ನಗೆಯೊಂದನ್ನು ಮಾತ್ರ ಕಂಡಿರಲಿಲ್ಲ.

"ಈ ಸದ್ದು ಇರ್ಬೇಕು ಕಣೆ. ನಮ್ ಮಾದೇವು ಗಾಡಿ ತಳ್ಳೋವಾಗ ನಾನು ಒಲೆ ಮುಂದೆ ಕುಂತಿರ್ತಿದ್ದೆ. ಸದ್ದು ಕೇಳ್ತಿದ್ರೆ ಅವ್ನೆ ಅಂತ, ನಿಂತ್‌ಬುಡ್ತು ಅಂದ್ರೆ ಏನೋ ಕಿತಾಪತಿ ಮಾಡ್ತಾವ್ನೆ ಅಂತ. ಎದ್ದು ನೋಡೋ ಕೆಲಸ್ವೇ ಇಲ್ಲ. ಪುಕ್ಸಟ್ಟೆ ಕಾವಲು."

ಈಗ ಹೇಳಬೇಕು ಅನ್ನಿಸಿತು ಕವಿತಳಿಗೆ. ಎಣ್ಣೆಯ ಹೊರೆ ಇಳಿದಿತ್ತು, ಇಳಿದದ್ದರಿಂದಲೇ ಅದರ ಕೆಳಗಿದ್ದದ್ದು ಇನ್ನೂ ಒತ್ತುತ್ತಿತ್ತು. "ಅತ್ತೆ, ಎಣ್ಣೆ ಒಂದೇ ಅಲ್ಲ. ಅವತ್ತು ನನ್ನ ಕೈ..." ಎಂದಳು. ಅಷ್ಟರಲ್ಲಿ ಅಂಗಳದ ಬಾಗಿಲಲ್ಲಿ ಮರಿತಾಯಮ್ಮ ಬಂದು ನಿಂತಿದ್ದಳು, ಬಸ್ಸಿನಲ್ಲಿದ್ದಷ್ಟೇ ಗಟ್ಟಿಯಾಗಿ.

"ಓ, ಬಿಚ್ಚೇಬುಟ್ರಾ! ನಾನೂ ಬತ್ತಿದ್ನಲ್ಲವ್ವ. ಸದ್ದು ಕೇಳ್ತು, ಅಲ್ಲೀಗಂಟ ಕೇಳ್ತು." ಬಗ್ಗಿ ಗಾಲಿ ಹಿಡಿದು ತಿರುಗಿಸಿದಳು, ಪಟ್ಟಿ ಅಲುಗಿಸಿದಳು, ಆಮೇಲೆ ಸುತ್ತ ನೋಡಿ, "ಎಲ್ಲವ್ವ ನಿನ್ ಮಗ? ಬಸ್ನಾಗೆಲ್ಲ ಯೇಳ್ತಿದ್ಯಲ್ಲ, ತುಟಿ ಮ್ಯಾಲೆ ಗೆರೆ ಅದೆ, ನಕ್ರೆ ಅದೂ ನಗ್ತದೆ ಅಂತ?" ಎಂದಳು.

ಗಗನ ಅಕ್ಕನನ್ನೇ ನೋಡುತ್ತಿದ್ದಾಳೆಂದು ಕವಿತಳಿಗೆ ತಲೆಯೆತ್ತದೆಯೇ ಗೊತ್ತಾಯಿತು. ಗಾಡಿಯ ಮುಂದಿನ ಗಾಲಿಯಲ್ಲಿ ಮರದ ಒಂದು ಸಣ್ಣ ಗಂಟಿತ್ತು, ಅದನ್ನೇ ನೋಡುತ್ತ ನಿಂತಳು. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಬಿಡಲಿಲ್ಲ.

"ಅಗೋ, ಅಲ್ಲೇ ಅವ್ನಲ್ಲ" ಎಂದಳು ಚಿಕ್ಕಮಾದಮ್ಮ, ಅವರೆಯಿಂದ ತಲೆಯೆತ್ತದೆ.

"ಅದು ಗಗನನ್ ಮಗ ಅಲ್ವ್ರಾ?"

"ಅವಳ್ದೂವೆ, ಇವಳ್ದೂವೆ. ನಾಳೆ ಅವ್ನು ಬೀದೀಗಿಳ್ದ ಅಂದ್ರೆ ಇಂದೆ ಓಡಕ್ಕೆ ಒಬ್ಳು ಸಾಲ್ತಾಳಾ? ಕುಂತ್ಕ ಮರಿತಾಯಿ, ಬಂದವ್ಳು ಎರಡು ಕಾಳು ಇದುಕು."

ಮರಿತಾಯಮ್ಮ ಕವಿತಳ ಮುಖ ನೋಡಿದಳು, ಗಗನಳ ಮುಖ ನೋಡಿದಳು, ಏನೋ ಅರ್ಥವಾಯಿತು ಅವಳಿಗೆ. "ಅದೂ ಸರಿ ಅನ್ನಿ" ಎಂದು ಸೀರೆ ಒತ್ತರಿಸಿಕೊಂಡು ಪಾತ್ರೆಯ ಮುಂದೆ ಕೂತಳು. ಕವಿತಳ ಕಣ್ಣು ತುಂಬಿಬಂತು. ಅಳಬಾರದು ಎಂದುಕೊಂಡಳು, ಅತ್ತಳು. ಗಗನ ಹತ್ತಿರ ಬಂದು, "ಫೋನ್ ಮಾಡ್ಬೇಕು ಅಂತ್ಲೇ ಇರ್ತಿದ್ದೆ ಅಕ್ಕ. ಇನ್ನೂ ನಡೀತಿಲ್ಲ ಅಂತ ಏನಂತ ಯೇಳ್ಲಿ? ನಿಂಗೆ ನೋವಾಯ್ತದೆ ಅಂತ ಮಾಡ್ನಿಲ್ಲ" ಎಂದಳು. ಆ ಮೌನದಲ್ಲೂ ಕವಿತ ಬೇರೇನೋ ಕಂಡಿದ್ದಳು. ಎಷ್ಟೊಂದನ್ನು ತಾನೇ ಕೆತ್ತಿ ಕೂರಿಸಿಕೊಂಡಿದ್ದಳಲ್ಲ, ಉಳಿ ಮುಟ್ಟದ ಇಷ್ಟು ತಿಂಗಳಲ್ಲಿ.

"ಅಳೋದು ಆಮೇಕೆ. ಕೂಸುನ್ನ ಇಳ್ಸು" ಎಂದಳು ಚಿಕ್ಕಮಾದಮ್ಮ. "ಕವಿತ, ನೀನೇ ನಿಲ್ಸು. ತವರಿನ ಕೈಯೇ ಆಗ್ಬೇಕು."

ಗಗನ ಕೂಸನ್ನು ನೆಲಕ್ಕೆ ಬಿಟ್ಟಳು. ಅದು ಕೂತಲ್ಲೇ ಗಾಡಿಯನ್ನು ನೋಡಿ ಹಿಂದಕ್ಕೆ ಸರಿಯಿತು. ಕವಿತ ಎತ್ತಿಕೊಳ್ಳಲು ಹೋಗಲಿಲ್ಲ. ತಾನೂ ನೆಲದ ಮೇಲೆ ಕೂತು ಗಾಡಿಯನ್ನು ಒಂದು ಗೇಣು ತಳ್ಳಿದಳು. ಕಿರ್ರ್. ಕುರಿ ಬೆಚ್ಚಿ ಹಗ್ಗ ಜಗ್ಗಿ 'ಬ್ಯಾ' ಎಂದಿತು. ಕೂಸು ಕುರಿಯನ್ನು ನೋಡಿತು, ಗಾಡಿಯನ್ನು ನೋಡಿತು. ಇನ್ನೊಂದು ಗೇಣು ತಳ್ಳಿದಳು, ಕಿರ್ರ್, ಬ್ಯಾ. ಕೂಸಿನ ತುಟಿ ಅಗಲವಾಯಿತು, ತುಟಿಯ ಮೇಲಿನ ಗೆರೆಯೂ ಅಗಲವಾಯಿತು. ತೆವಳಿಕೊಂಡು ಬಂದು ತಾನೇ ಗಾಲಿಗೆ ಕೈ ಹಾಕಿ ತಿರುಗಿಸಿ, ಕುರಿ ಕೂಗುತ್ತದೆಯೇ ಎಂದು ಕಾದು, ಅದು ಕೂಗಿದಾಗ ಇಡೀ ಮೈ ಕುಲುಕಿಸಿ ನಕ್ಕಿತು. ಗಾಲಿಯಿಂದ ಹಲಗೆಗೆ, ಹಲಗೆಯಿಂದ ಪಟ್ಟಿಗೆ ಕೈ ಏರಿತು. ಹಲಸಿನ ಹಲಗೆ ಗಟ್ಟಿಯಾಗಿ ಕೂತಿತ್ತು, ಗಾಡಿ ಅಲುಗಲಿಲ್ಲ. ಕವಿತ ಎರಡೂ ಕೈಗಳನ್ನು ಅದರ ಕಂಕುಳ ಕೆಳಗೆ ಇಟ್ಟಳು. ಬೆರಳಿಗೆ ಪಕ್ಕೆಲುಬು ತಾಗಿತು, ಅದರೊಳಗಿನ ಬಡಿತ ತಾಗಿತು. ಉಪ್ಪುಕಾಗದ ತಿಕ್ಕಿ ಒರಟಾದ ಬೆರಳು, ಚುಚ್ಚುತ್ತದೋ ಏನೋ. ಕೂಸು ನಿಂತಿತು. ಈಗ ಬಿಡಬೇಕೇ? ಈಗಲೇ? ಅದೇ ಗಳಿಗೆ ತಿರುಗಿ ಬಂದು ಎದುರಿಗೆ ಕೂತಿತ್ತು, ಮತ್ತು ಅವಳಿಗೆ ಈಗಲೂ ಅದರ ಒಳಗು ಕಾಣಲಿಲ್ಲ. ಬಿಡಲು ಧೈರ್ಯ ಸಾಲಲಿಲ್ಲ. ಹಿಡಿದೇ ಇದ್ದಳು, ಎಷ್ಟು ಹೊತ್ತೋ, ಮೊಣಕಾಲು ನೋಯುವವರೆಗೆ, ಕೂಸಿಗೇ ಬೇಸರ ಬರುವವರೆಗೆ. ಅದು ಒಂದು ಕೈಯನ್ನು ಪಟ್ಟಿಯಿಂದ ತೆಗೆದು, ತನ್ನ ಪಕ್ಕೆಯ ಮೇಲಿದ್ದ ದೊಡ್ಡಮ್ಮನ ಕೈಯನ್ನು, ಮೈಮೇಲೆ ಕೂತ ನೊಣವನ್ನು ಓಡಿಸುವ ಹಾಗೆ ತಳ್ಳಿತು. ಆಮೇಲೆ ಇನ್ನೊಂದನ್ನು. ಬಿಡಿಸಿಕೊಂಡು ಗಾಡಿಯನ್ನು ನೂಕಿತು.

ಕಿರ್ರ್. ಒಂದು ಹೆಜ್ಜೆ. ಕಿರ್ರ್.

ಗಗನ ಬಾಯಿಗೆ ಕೈಯಿಟ್ಟುಕೊಂಡಳು. "ಯಾರೂವೆ ಬಾಯಿ ಬುಡ್ಬ್ಯಾಡಿ, ನೋಡ್ಲೂಬ್ಯಾಡಿ" ಎಂದು ಚಿಕ್ಕಮಾದಮ್ಮ ಪಿಸುಗುಟ್ಟಿದಳು. "ನೋಡ್ತಾ ನಿಂತ್ರೆ ಅವ್ನು ನಿಂತ್‌ಬುಡ್ತಾನೆ. ಬನ್ನಿ, ಕುಂತ್ಕಳಿ, ಅವ್ರೆಗೆ ಕೈ ಆಕಿ. ನೀನೂ ಬಾ ಕವಿತ, ಅದೇನು ಮರದಂಗೆ ಕುಂತಿದ್ದೀಯೆ?" ನಾಲ್ವರೂ ಪಾತ್ರೆಯ ಸುತ್ತ ಕೂತರು. ಕವಿತಳ ಬೆನ್ನು ಕೂಸಿನ ಕಡೆಗಿತ್ತು. ತಿರುಗಬೇಕೆಂದು ಕುತ್ತಿಗೆ ಸೆಳೆಯುತ್ತಿತ್ತು. ಬೆರಳುಗಳಿಗೆ ಅವರೆ ಜಾರುತ್ತಿತ್ತು, ಸಿಪ್ಪೆ ಒಂದು ಕಡೆ ಕಾಳು ಒಂದು ಕಡೆ. ಬೆನ್ನ ಹಿಂದೆ ಸದ್ದು ಕುರಿಯ ಕಡೆಗೆ ಹೋಯಿತು, ಅಲ್ಲಿ ತಡೆಯಿತು, ಗೋಡೆಯ ಉದ್ದಕ್ಕೂ ಸಾಗಿತು. ಈಗ ತುಳಸಿಯ ಹತ್ತಿರ. ಈಗ ನಲ್ಲಿಯ ಹತ್ತಿರ. ನೋಡದೆಯೇ ಅವಳಿಗೆ ಅದು ಎಲ್ಲಿದೆಯೆಂದು ಗೊತ್ತಾಗುತ್ತಿತ್ತು. ಮರಿತಾಯಮ್ಮ ಮೊಮ್ಮಗಳ ಎತ್ತರವನ್ನು ಕೈಯಲ್ಲಿ ತೋರಿಸುತ್ತ, ಇಷ್ಟಿದ್ದಾಳೆ, ಪಟ್ಟಿ ಇಷ್ಟಕ್ಕೆ ಬರಬೇಕು ಎನ್ನುತ್ತಿದ್ದಳು. ಮಾಡ್ಕೊಡ್ತೀನಿ ಎಂದಳು ಕವಿತ. ಹೇಳಿದ ಮೇಲೆ ಕೊಂಬಿಲ್ಲದ ಎತ್ತುಗಳು ನೆನಪಾದವು, ಮೊದಲು ಅವನ್ನು ಮುಗಿಸಬೇಕು.

ಸದ್ದು ನಿಂತಿತು.

ನಾಲ್ವರ ಕೈಗಳೂ ಅವರೆಯ ಮೇಲೆ ನಿಂತವು. ಧೊಪ್ಪೆಂದು ಬಿದ್ದ ಶಬ್ದ. ಎಲ್ಲರೂ ತಿರುಗಿದರು. ಕವಿತ ತಿರುಗಲಿಲ್ಲ. ಅವಳು ಆ ಮುಖಗಳಿಗೆ ಕಾದಳು, ಇಷ್ಟು ತಿಂಗಳು ಕಾದ ಹಾಗೆ, ಅವು ಈಗ ತನ್ನ ಕಡೆಗೆ ಹೊರಳುತ್ತವೆ ಎಂದು ಬೆನ್ನು ಬಿಗಿಹಿಡಿದು. ಹೊರಳಲಿಲ್ಲ. ಗಗನ, ಚಿಕ್ಕಮಾದಮ್ಮ, ಬಸ್ಸಿನಲ್ಲಿ ಸಿಕ್ಕ ಮರಿತಾಯಮ್ಮ, ಮೂವರೂ ಅವಳ ತಲೆಯ ಮೇಲಿಂದ ಆಚೆಗೆ ಕೂಸನ್ನೇ ನೋಡುತ್ತಿದ್ದರು. ಅವಳನ್ನು ಯಾರೂ ನೋಡಲಿಲ್ಲ. ಒಂದು ಗಳಿಗೆ ಏನೂ ಕೇಳಲಿಲ್ಲ, ಆಮೇಲೆ ಕೂಸು ಅಳಲೋ ಬೇಡವೋ ಎಂದು ಯೋಚಿಸುವಂಥ ಸಣ್ಣ ಉಸಿರೊಂದು ಕೇಳಿತು.

ಆಮೇಲೆ, ಕಿರ್ರ್.

ಚಿಕ್ಕಮಾದಮ್ಮ ಮತ್ತೆ ಅವರೆಗೆ ಕೈ ಹಾಕಿದಳು. ಕವಿತಳೂ ಹಾಕಿದಳು.